ಲೈನ್ ಮನೆಯ ‘ಲೈನ್’ ಹಿಂದೆ ಒಂದು ನಾರಿದೆ

(ಮಡಿಕೇರಿಯಲ್ಲಿ ಆಡಿದ ಮಾತುಗಳ ಬರಹ ರೂಪ)

ಜುಲೈ ತಿಂಗಳ ಒಂದು ರಾತ್ರಿ ನೆನಪು ಮಾಡಿಕೊಳ್ಳಿ. ಮೂರು ದಿನದಿಂದ ಬಿಡದ ಮಳೆ. ತೋಟದ ಕಡೆಯಿಂದ ಮರ ಮುರಿದ ಸದ್ದು ಬರುತ್ತದೆ, ಮರುಕ್ಷಣ ಮನೆಯೆಲ್ಲ ಕತ್ತಲು. ಬಾಗಿಲಿಗೆ ಬಂದು ಪಕ್ಕದ ಮನೆಯವರನ್ನು ಕೂಗಿ ಕೇಳುತ್ತೀರಿ. ‘ಲೈನ್ ಮೇಲೆ ಮರ ಬಿತ್ತಾ ಅಣ್ಣ?’ ಅವರು ಹೇಳುತ್ತಾರೆ, ‘ಹೌದು ಅನ್ಸುತ್ತೆ. ಲೈನ್‌ಮ್ಯಾನ್‌ಗೆ ಫೋನ್ ಮಾಡ್ತಾ ಇದೀನಿ, ಲೈನ್ ಸಿಗ್ತಾ ಇಲ್ಲ.’

ಒಂದು ಪ್ರಶ್ನೆ, ಒಂದು ಉತ್ತರ. ಅಷ್ಟರಲ್ಲಿ ಲೈನ್ ಮೂರು ಸಲ ಬಂತು. ಮೊದಲನೆಯದು ಕಂಬದ ತಂತಿ. ಎರಡನೆಯದು ಆ ತಂತಿ ಸರಿಮಾಡಲು ಮಳೆಯಲ್ಲೇ ಕಂಬ ಹತ್ತುವ ಮನುಷ್ಯ. ಮೂರನೆಯದು ಮೊಬೈಲಿನ ಸಂಪರ್ಕ, ಅದಕ್ಕೆ ತಂತಿಯೇ ಇಲ್ಲ. ಆದರೂ ನಾವು ಅದನ್ನು ಲೈನ್ ಅಂತಲೇ ಕರೆಯುತ್ತೇವೆ.

ಬೆಳಗಾದ ಮೇಲೆ ಎಣಿಸುತ್ತಾ ಹೋಗಿ. ರೇಷನ್ ಅಂಗಡಿ ಮುಂದೆ ಲೈನ್. ಟೈಲರ್ ಕೇಳುತ್ತಾರೆ, ‘ಬ್ಲೌಸ್‌ಗೆ ಲೈನಿಂಗ್ ಹಾಕ್ಬೇಕಾ ಅಕ್ಕ?’ ಮಕ್ಕಳ ನೋಟ್‌ಬುಕ್ಕಿನಲ್ಲಿ ಸಿಂಗಲ್ ಲೈನ್, ಫೋರ್ ಲೈನ್. ಕಾಲೇಜು ಹುಡುಗರು ಲೈನ್ ಹೊಡೆಯುತ್ತಾರೆ. ದಾರಿ ತಪ್ಪಿದವನು ಸರಿಹೋದರೆ ‘ಲೈನಿಗೆ ಬಂದ’ ಅನ್ನುತ್ತೇವೆ. ‘ನೀವು ಯಾವ ಲೈನಲ್ಲಿ ಇದ್ದೀರಿ?’ ಅಂದರೆ ಏನು ಕೆಲಸ ಮಾಡುತ್ತೀರಿ ಅಂತ. ದುಡ್ಡು ಕಟ್ಟುವುದು ಆನ್‌ಲೈನ್. ಇಷ್ಟೆಲ್ಲ ಆದಮೇಲೆ, ಕಾಫಿ ಸೀಮೆಯ ಆಚೆ ಯಾರೂ ಅಷ್ಟಾಗಿ ಬಳಸದ ಒಂದು ಲೈನ್ ನಮ್ಮಲ್ಲಿದೆ. ಅದು ಲೈನ್ ಮನೆ, ತೋಟದ ಕೆಲಸಗಾರರು ಇರುವ ಸಾಲುಕೋಣೆ.

ನಾನು ಬೆಳೆದದ್ದು ಕೊಡಗಿನ ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ. ಅಪ್ಪ ಅಲ್ಲಿ ರೈಟರ್. ಹೊರಗಿನವರಿಗೆ ರೈಟರ್ ಅಂದರೆ ಕಥೆ ಬರೆಯುವವರು. ನಮ್ಮ ತೋಟಗಳಲ್ಲಿ ರೈಟರ್ ಅಂದರೆ ಹಾಜರಿ ಹಾಕಿ, ಲೆಕ್ಕ ಬರೆದು, ಬೆಳಿಗ್ಗೆ ಕೆಲಸ ಹಂಚುವವರು. ನಮ್ಮ ಮನೆಯ ಜಗಲಿಯಲ್ಲಿ ನಿಂತರೆ ಕೆಳಗೆ ಲೈನ್ ಮನೆಗಳು ಕಾಣುತ್ತಿದ್ದವು. ಒಂದೇ ಹೆಂಚಿನ ಮಾಡು, ಅದರ ಕೆಳಗೆ ಎಂಟು ಬಾಗಿಲು. ಒಂದು ಬಾಗಿಲಿಗೆ ಒಂದು ಸಂಸಾರ.

ಅಲ್ಲಿಂದ ಒಬ್ಬ ಹುಡುಗಿ ನನ್ನ ಜೊತೆ ಶಾಲೆಗೆ ಬರುತ್ತಿದ್ದಳು. ನಾಲ್ಕನೇ ಕ್ಲಾಸಿನಲ್ಲಿ ಒಂದು ದಿನ ಟೀಚರ್ ಎಲ್ಲರ ವಿಳಾಸ ಬರೆದುಕೊಳ್ಳುತ್ತಿದ್ದರು. ನಮ್ಮ ಕಡೆ ಮನೆ ಹೆಸರಿಗೆ ಎಷ್ಟು ಬೆಲೆ ಅಂತ ನಿಮಗೆ ಗೊತ್ತು. ಒಬ್ಬೊಬ್ಬರೂ ಮನೆ ಹೆಸರು ಹೇಳಿದರು. ಇವಳ ಸರದಿ ಬಂದಾಗ ‘ಮೂರನೇ ಲೈನ್, ಐದನೇ ಬಾಗಿಲು’ ಅಂದಳು. ಟೀಚರ್ ಪೆನ್ನು ಎತ್ತಲಿಲ್ಲ. ‘ಲೈನ್‌ದಾ? ಸರಿ, ಕೂತ್ಕೋ’ ಅಂದರು. ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಅವಳು ಕೂತಳು. ಮಧ್ಯಾಹ್ನ ಊಟದ ಬುತ್ತಿ ತೆರೆಯಲಿಲ್ಲ.

ಲೈನ್ ಅನ್ನುವ ಪದ ನನ್ನ ಕಿವಿಗೆ ಸರಿಯಾಗಿ ಬಿದ್ದದ್ದು ಆವತ್ತು. ಅದರ ಬೇರು ಎಲ್ಲಿದೆ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆ ಬೇರು ಇರುವುದು ಅಗಸೆ ಗಿಡದಲ್ಲಿ.

ಅಗಸೆ ಅಂದಕೂಡಲೇ ಇಲ್ಲಿ ಕೆಲವರಿಗೆ ಅಗಸೆ ಸೊಪ್ಪಿನ ಮರ ನೆನಪಾಗಬಹುದು. ಅದಲ್ಲ. ಧಾರವಾಡ, ಬಿಜಾಪುರದ ಕಡೆ ಚಟ್ನಿಪುಡಿ ಮಾಡುತ್ತಾರಲ್ಲ, ಆ ಅಗಸೆ ಬೀಜ. ಕಂದು ಬಣ್ಣ, ನುಣುಪು, ಕೈಯಲ್ಲಿ ಹಿಡಿದರೆ ಜಾರಿಹೋಗುತ್ತದೆ. ಆ ಗಿಡಕ್ಕೆ ಲ್ಯಾಟಿನ್ ಭಾಷೆಯಲ್ಲಿ ಲಿನುಮ್ ಅನ್ನುತ್ತಾರೆ. ನಾವು ಅದನ್ನು ಬೆಳೆಯುವುದು ಬೀಜಕ್ಕೆ, ಎಣ್ಣೆಗೆ. ಯುರೋಪಿನಲ್ಲಿ, ಈಜಿಪ್ಟಿನಲ್ಲಿ ಸಾವಿರಾರು ವರ್ಷ ಬೆಳೆದದ್ದು ನಾರಿಗೆ. ಈಜಿಪ್ಟಿನವರು ಸತ್ತವರನ್ನು ಸುತ್ತುತ್ತಿದ್ದ ಬಟ್ಟೆ ಇದೇ ನಾರಿನದು.

ಆ ನಾರು ತೆಗೆಯುವ ಕೆಲಸ ಸುಲಭದ್ದಲ್ಲ. ಸೊಂಟದೆತ್ತರ ಬೆಳೆದ ಗಿಡವನ್ನು ಕೊಯ್ಯುವುದಿಲ್ಲ, ಬೇರು ಸಮೇತ ಕೀಳುತ್ತಾರೆ. ಕೊಯ್ದರೆ ನಾರಿನ ಉದ್ದ ಹೋಗುತ್ತದೆ. ಕಿತ್ತ ಕಂತೆಗಳನ್ನು ನೀರಿನಲ್ಲಿ ಕೊಳೆಹಾಕುತ್ತಾರೆ. ಕೊಳೆತ ಮೇಲೆ ಒಣಗಿಸಿ ಬಡಿಯುತ್ತಾರೆ. ಒಳಗಿನ ಕಡ್ಡಿ ಪುಡಿಯಾಗಿ ಉದುರುತ್ತದೆ, ನಾರು ಉಳಿಯುತ್ತದೆ. ಅದನ್ನು ಮೊಳೆ ಬಾಚಣಿಗೆಯಲ್ಲಿ ಬಾಚಿದರೆ ಹೊಂಬಣ್ಣದ ಕೂದಲಿನ ಹಾಗೆ ಉದ್ದುದ್ದ ಎಳೆ ಬರುತ್ತದೆ. ಅದನ್ನು ನೂತರೆ ದಾರ. ಲಿನುಮ್‌ನಿಂದ ಬಂದದ್ದು ಲಿನೆಯ, ಅಂದರೆ ಅಗಸೆ ನಾರಿನ ದಾರ. ಅದೇ ಫ್ರೆಂಚಿನಲ್ಲಿ ಲಿಞ್ ಆಯಿತು, ಇಂಗ್ಲಿಷಿನಲ್ಲಿ ಲೈನ್ ಆಯಿತು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಹಗ್ಗ ಅನ್ನುವ ಅರ್ಥವೂ ಇತ್ತು. ಮೀನು ಹಿಡಿಯುವ ಗಾಳದ ದಾರಕ್ಕೆ ಇವತ್ತೂ ಲೈನ್ ಅಂತಲೇ ಹೆಸರು.

ಹಾಗಾದರೆ ದಾರ ಗೆರೆ ಆದದ್ದು ಹೇಗೆ? ಇದಕ್ಕೆ ನಿಘಂಟು ಬೇಡ, ಬಡಗಿಯನ್ನು ನೋಡಿದರೆ ಸಾಕು. ಹಲಗೆಯ ಎರಡು ತುದಿಗೆ ಬಣ್ಣ ಬಳಿದ ನೂಲನ್ನು ಒತ್ತಿ ಹಿಡಿಯುತ್ತಾನೆ. ಬಿಗಿಯಾಗಿ ಎಳೆಯುತ್ತಾನೆ. ನಡುವೆ ಎರಡು ಬೆರಳಲ್ಲಿ ಎತ್ತಿ ಟಪ್ ಅಂತ ಬಿಡುತ್ತಾನೆ. ದಾರ ತೆಗೆದರೆ ಹಲಗೆಯ ಮೇಲೆ ಗೆರೆ! ದಾರ ಹೋಯಿತು, ಅದರ ಗುರುತು ಉಳಿಯಿತು, ಹೆಸರೂ ಉಳಿಯಿತು. ಗಾರೆಯವರು ಗೋಡೆ ಎಬ್ಬಿಸುವಾಗ ದಾರ ಕಟ್ಟುವುದೂ ಇದೇ. ಬಿಗಿದ ದಾರಕ್ಕಿಂತ ನೇರವಾದದ್ದು ಹಳೆಯ ಕಾಲದವರ ಕೈಯಲ್ಲಿ ಬೇರೆ ಏನಿತ್ತು? ಇಂಗ್ಲಿಷಿನ ಸ್ಟ್ರೇಟ್ ಪದವೂ ಸ್ಟ್ರೆಚ್‌ನಿಂದಲೇ ಬಂದದ್ದು. ಎಳೆದು ಬಿಗಿದದ್ದೇ ನೇರ.

ಇಲ್ಲಿ ನಮ್ಮ ಕನ್ನಡದ ಕಡೆ ಒಮ್ಮೆ ತಿರುಗಿ ನೋಡಬೇಕು. ದಾರದ ತೆಳು ಭಾಗಕ್ಕೆ ನಾವು ಏನನ್ನುತ್ತೇವೆ? ಎಳೆ. ಜಗ್ಗುವುದಕ್ಕೆ ಏನನ್ನುತ್ತೇವೆ? ಎಳೆ. ಗೆರೆಯನ್ನು ಏನು ಮಾಡುತ್ತೇವೆ? ಎಳೆಯುತ್ತೇವೆ. ಪೆನ್ಸಿಲ್ಲಿನಲ್ಲಿ ಜಗ್ಗುವಂಥದ್ದು ಏನೂ ಇಲ್ಲ, ಆದರೂ ಗೆರೆ ಎಳೆ ಅಂತಲೇ ಮಗುವಿಗೆ ಹೇಳುತ್ತೇವೆ. ಇಂಗ್ಲಿಷಿನವರು ಡ್ರಾ ಅನ್ನುತ್ತಾರೆ, ಅದಕ್ಕೂ ಎಳೆಯುವುದು ಅಂತಲೇ ಮೂಲ ಅರ್ಥ. ನನಗೆ ಇದು ತುಂಬಾ ಇಷ್ಟವಾದ ವಿಷಯ. ಒಬ್ಬರನ್ನೊಬ್ಬರು ಕಂಡೇ ಇರದ ಎರಡು ಜನ, ಬೇರೆ ಬೇರೆ ದೇಶದಲ್ಲಿ ದಾರ ಹಿಡಿದು ಕೂತು, ಒಂದೇ ರೀತಿ ಯೋಚನೆ ಮಾಡಿದ್ದಾರೆ.

ಇನ್ನೊಂದು ಇದೆ. ಕವಿತೆಯ ಲೈನಿಗೆ ನಾವು ಸಾಲು ಅನ್ನುತ್ತೇವೆ. ಸಾಲು ಅಂದರೆ ನೇಗಿಲಿನ ಸಾಲೂ ಹೌದು. ಲ್ಯಾಟಿನ್‌ನಲ್ಲಿ ನೇಗಿಲ ಸಾಲಿಗೆ ವೆರ್ಸುಸ್ ಅಂತಿದ್ದರು, ಅದರಿಂದಲೇ ಇಂಗ್ಲಿಷಿನ ವರ್ಸ್, ಕವಿತೆಯ ಸಾಲು. ಅಲ್ಲಿಯೂ ಉಳುವವನು, ಇಲ್ಲಿಯೂ ಉಳುವವನು.

ತೋಟದ ಲೈನಿಂಗ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಕೂತಿರುವ ಬೆಳೆಗಾರರಿಗೆ ಇದು ದಿನದ ಮಾತು, ಪೇಟೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. ಹೊಸದಾಗಿ ಕಾಫಿ ನೆಡುವ ಮೊದಲು ಗುಂಡಿ ಎಲ್ಲೆಲ್ಲಿ ಬರಬೇಕು ಅಂತ ಗುರುತು ಮಾಡುವುದಕ್ಕೆ ಲೈನಿಂಗ್ ಅಂತ ಹೆಸರು. ಅಪ್ಪನ ಹತ್ತಿರ ಅದಕ್ಕೆ ಅಂತಲೇ ಒಂದು ತೆಂಗಿನ ನಾರಿನ ಹಗ್ಗ ಇತ್ತು. ಸ್ಟೋರಿನ ಗೋಡೆಯ ಮೊಳೆಯಲ್ಲಿ ಸುರುಳಿ ಸುತ್ತಿ ತೂಗುಹಾಕುತ್ತಿದ್ದರು. ರೊಬಸ್ಟಾಕ್ಕೆ 10 ಅಡಿಗೆ 10 ಅಡಿ ಅಂತರ. ಹಾಗಾಗಿ ಹಗ್ಗದಲ್ಲಿ 10 ಅಡಿಗೊಂದು ಕೆಂಪು ಬಟ್ಟೆಯ ಚೂರು ಸಿಕ್ಕಿಸಿ ಗಂಟು ಹಾಕಿದ್ದರು. ಹಗ್ಗ ಎಳೆದು ಹಿಡಿದರೆ ಬಟ್ಟೆ ಇದ್ದಲ್ಲೆಲ್ಲ ಒಂದು ಗೂಟ. ಎಕರೆಗೆ ಹೆಚ್ಚುಕಡಿಮೆ 435 ಗೂಟ. ಅರೇಬಿಕಾ ಆದರೆ 6 ಅಡಿಗೇ ಗೂಟ ಬೀಳುತ್ತದೆ, ಎಕರೆಗೆ 1200 ದಾಟುತ್ತದೆ.

ಹಗ್ಗದ ಒಂದು ತುದಿ ಮೇಸ್ತ್ರಿ ಕೈಯಲ್ಲಿ, ಇನ್ನೊಂದು ತುದಿ ಆ ಹುಡುಗಿಯ ಅಮ್ಮನ ಕೈಯಲ್ಲಿ. (ಮೇಸ್ತ್ರಿ ಅನ್ನುವುದೂ ನಮ್ಮದಲ್ಲ, ಪೋರ್ಚುಗೀಸರಿಂದ ಬಂದ ಪದ. ಅದರ ಕಥೆ ಇನ್ನೊಂದು ದಿನಕ್ಕಿರಲಿ.) ಆ ಅಮ್ಮನ ಕಣ್ಣಳತೆ ಎಷ್ಟು ಸರಿ ಅಂದರೆ, ಹಗ್ಗ ಒಂದು ಬೆರಳು ಸಡಿಲವಾದರೂ ‘ರೈಟರೇ, ಜಗ್ಗಿಲ್ಲ’ ಅನ್ನುತ್ತಿದ್ದರು. ಮಳೆ ಬಿದ್ದ ದಿನ ಲೈನಿಂಗ್ ಬೇಡ ಅಂತ ಹೇಳುತ್ತಿದ್ದವರೂ ಅವರೇ. ನಾರಿನ ಹಗ್ಗ ನೆನೆದರೆ ಗಿಡ್ಡವಾಗುತ್ತದೆ. ಅಳತೆ ತಪ್ಪುತ್ತದೆ, ಹತ್ತು ಸಾಲು ದಾಟುವಷ್ಟರಲ್ಲಿ ಗಿಡ ವಾರೆಯಾಗಿ ನಿಲ್ಲುತ್ತದೆ. ಒಂದು ಸಲ ವಾರೆಯಾಗಿ ನಿಂತದ್ದು ಐವತ್ತು ವರ್ಷ ವಾರೆಯಾಗಿಯೇ ಇರುತ್ತದೆ.

ಮೂಲೆ ನೇರ ಮಾಡುವುದನ್ನು ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಒಂದು ಕಡೆ 30 ಅಡಿ, ಇನ್ನೊಂದು ಕಡೆ 40 ಅಡಿ. ಎರಡು ತುದಿಗಳ ನಡುವೆ ಹಗ್ಗ ಹಿಡಿದಾಗ ಐದನೇ ಬಟ್ಟೆ, ಅಂದರೆ 50 ಅಡಿ, ಸರಿಯಾಗಿ ಕೂತರೆ ಮೂಲೆ ನೇರ. ಆಮೇಲೆ ಹೈಸ್ಕೂಲಿನಲ್ಲಿ ಪೈಥಾಗರಸ್ ಪಾಠ ಬಂದಾಗ ಅದು ಹಗ್ಗ ಹಿಡಿಯುವ ಪಾಠ ಅಂತಲೇ ಅನಿಸಿತು. ಬೌಧಾಯನರ ಶುಲ್ಬಸೂತ್ರದಲ್ಲಿ ಯಜ್ಞವೇದಿ ಕಟ್ಟುವುದಕ್ಕೆ ಇದೇ ಲೆಕ್ಕ ಇದೆ. ಶುಲ್ಬ ಅಂದರೆ ಹಗ್ಗ. ಸೂತ್ರ ಅಂದರೆ ದಾರ. ಗಣಿತದ ಪುಸ್ತಕಕ್ಕೆ ಹಗ್ಗ, ದಾರ ಅಂತ ಹೆಸರಿಟ್ಟವರು ನಾವು. ದಾರವೇ ನಿಯಮವೂ ಆಯಿತು ನಮ್ಮಲ್ಲಿ.

ಟೈಲರ್ ಹೇಳುವ ಲೈನಿಂಗ್ ಬೇರೆ, ತೋಟದ ಲೈನಿಂಗ್ ಬೇರೆ ಅಂತ ನಿಮಗೆ ಅನಿಸಬಹುದು. ಎರಡೂ ಒಂದೇ ಗಿಡದಿಂದ ಬಂದವು. ಕೋಟಿನ ಒಳಗೆ ಅಗಸೆ ನಾರಿನ ಬಟ್ಟೆ, ಅಂದರೆ ಲಿನನ್ ಹಾಕಿ ಹೊಲಿಯುತ್ತಿದ್ದರು. ಹಾಗಾಗಿ ಒಳಬಟ್ಟೆ ಹಾಕುವುದೇ ಲೈನಿಂಗ್ ಆಯಿತು. ಲಾಂಜೆರಿ ಅಂತ ಈಗ ಅಂಗಡಿ ಬೋರ್ಡಿನಲ್ಲಿ ಬರೆಯುತ್ತಾರಲ್ಲ, ಅದೂ ಅಲ್ಲಿಂದಲೇ. ನೆಲಕ್ಕೆ ಹಾಸುವ ಲಿನೋಲಿಯಂ ಕೂಡ ಅಗಸೆ ಎಣ್ಣೆಯಿಂದ ಮಾಡಿದ್ದು.

ಆ ಗಿಡಕ್ಕೆ ಲಿನುಮ್ ಉಸಿಟಾಟಿಸಿಮುಮ್ ಅಂತ ಹೆಸರಿಟ್ಟವನು ಸ್ವೀಡನ್ನಿನ ಲಿನೇಯಸ್, 1753ರಲ್ಲಿ. ತುಂಬಾ ಉಪಯೋಗದ ಅಗಸೆ ಅಂತ ಅದರ ಅರ್ಥ. ಅದೇ ವರ್ಷ, ಅದೇ ಪುಸ್ತಕದಲ್ಲಿ ಅವನು ಇನ್ನೊಂದು ಗಿಡಕ್ಕೂ ಹೆಸರಿಟ್ಟ. ಕಾಫಿಯ ಅರೇಬಿಕಾ. ನಮ್ಮ ಹಗ್ಗದ ಹೆಸರು, ನಮ್ಮ ಗಿಡದ ಹೆಸರು ಒಂದೇ ಪುಸ್ತಕದ ಎರಡು ಪುಟದಲ್ಲಿವೆ. ಅವನ ಹೆಸರಲ್ಲೂ ಲಿನ್ ಇದೆ ಅಂತ ಯಾರೋ ಆಗಲೇ ಯೋಚಿಸುತ್ತಿದ್ದೀರಿ, ಅಲ್ವಾ? ಅದು ಅಗಸೆಯಲ್ಲ. ಅವರ ಮನೆ ಹತ್ತಿರದ ಲಿಂಡನ್ ಮರದಿಂದ ಬಂದ ಮನೆತನದ ಹೆಸರು.

ಈಗ ಲೈನ್ ಮನೆ. ದಾರ ಗೆರೆಯಾಯಿತು, ಗೆರೆಯ ಮೇಲೆ ಒಂದರ ಪಕ್ಕ ಒಂದು ನಿಂತರೆ ಸಾಲಾಯಿತು. ಸಾಲಾಗಿ ನಿಲ್ಲುವವರಲ್ಲಿ ಮೊದಲಿಗರು ಸಿಪಾಯಿಗಳು. ಅವರ ಡೇರೆಗಳು, ಗುಡಿಸಲುಗಳು ಸಾಲಾಗಿದ್ದದ್ದರಿಂದ ಅವಕ್ಕೆ ಲೈನ್ಸ್ ಅಂತ ಹೆಸರು ಬಂತು. ಊರೂರಲ್ಲಿ ಪೊಲೀಸ್ ಲೈನ್, ಉತ್ತರದ ಕಡೆ ಸಿವಿಲ್ ಲೈನ್ಸ್ ಇರುವುದು ಹೀಗೆ. ಇಂಗ್ಲಿಷರು ಕೊಡಗನ್ನು ತೆಗೆದುಕೊಂಡದ್ದು 1834ರಲ್ಲಿ. ಫೌಲರ್ ಅನ್ನುವ ಇಂಗ್ಲಿಷರವನು ಮಡಿಕೇರಿಯಲ್ಲಿ ಕಾಫಿ ಎಸ್ಟೇಟ್ ತೆರೆದದ್ದು 1854ರಲ್ಲಿ. ಆಮೇಲೆ ಕಾಡು ಕಡಿದು ಎಸ್ಟೇಟಿನ ಮೇಲೆ ಎಸ್ಟೇಟ್ ಬಂತು. ಕೆಲಸಕ್ಕೆ ಜನ ಬೇಕಾಯಿತು. ಮೈಸೂರು ಸೀಮೆಯಿಂದ, ಮಲಬಾರಿನಿಂದ, ತಮಿಳು ನಾಡಿನ ಕಡೆಯಿಂದ ಜನ ಬಂದರು. ಇಲ್ಲಿಯವರೇ ಆದ ಯರವ, ಕುರುಬ ಬುಡಕಟ್ಟಿನವರು ತೋಟದ ಕೆಲಸಕ್ಕೆ ಸೇರಿದರು. ಅವರನ್ನು ಇಡುವುದಕ್ಕೆ ದಂಡಿನ ಅಳತೆಯಲ್ಲೇ ಸಾಲುಕೋಣೆ ಕಟ್ಟಿದರು. ಸಿಲೋನಿನಲ್ಲಿ, ಮಲಯಾದಲ್ಲಿ, ಫಿಜಿಯಲ್ಲಿ, ಎಲ್ಲಿ ಇಂಗ್ಲಿಷರ ತೋಟ ಇತ್ತೋ ಅಲ್ಲೆಲ್ಲ ಇದೇ ಕಟ್ಟಡ, ಇದೇ ಹೆಸರು. ಕೂಲಿ ಲೈನ್.

ನಮ್ಮಲ್ಲಿ ಸಾಲಾಗಿ ಮನೆ ಕಟ್ಟುವುದು ಗೊತ್ತೇ ಇರಲಿಲ್ಲ ಅಂತಲ್ಲ. ಮೈಸೂರಿನ ವಠಾರ ಇದೆಯಲ್ಲ. ವಠಾರಕ್ಕೆ ಒಂದು ಅಂಗಳ ಇರುತ್ತದೆ, ಬಾವಿ ಇರುತ್ತದೆ, ಜನ ಒಬ್ಬರಿಗೊಬ್ಬರು ಮುಖ ಮಾಡಿ ಕೂರುತ್ತಾರೆ. ಲೈನ್ ಮನೆಯ ಬಾಗಿಲುಗಳೆಲ್ಲ ಒಂದೇ ಕಡೆ ನೋಡುತ್ತವೆ. ಎಣಿಸುವುದಕ್ಕೆ ಸುಲಭ, ಅದಕ್ಕೇ ಹಾಗೆ ಕಟ್ಟಿದ್ದು ಅಂತ ನನಗೆ ಅನಿಸುತ್ತದೆ. ಸಾಲುಮನೆ ಅನ್ನುವ ಒಳ್ಳೆಯ ಕನ್ನಡ ಪದ ಇದ್ದರೂ ಯಾರೂ ಅದನ್ನು ಬಳಸಲಿಲ್ಲ. ವಸ್ತು ಎಲ್ಲಿಂದ ಬಂತೋ ಹೆಸರೂ ಅಲ್ಲಿಂದಲೇ ಬಂತು. 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆ ಬಂದು, ತೋಟದಲ್ಲೇ ಇರುವ ಕೆಲಸಗಾರರಿಗೆ ಮನೆ ಕೊಡುವುದು ಮಾಲೀಕರ ಹೊಣೆ ಅಂತಾಯಿತು. ಕಾಯ್ದೆಯಲ್ಲಿ ಮನೆ ಅಂತಿತ್ತು. ಬಾಯಲ್ಲಿ ಲೈನ್ ಅಂತಲೇ ಉಳಿಯಿತು.

‘ಲೈನ್‌ನವರು’ ಅಂತ ಹೇಳುವಾಗ ನಮ್ಮ ದನಿ ಸ್ವಲ್ಪ ಇಳಿಯುತ್ತದೆ. ನನ್ನ ಮನೆಯಲ್ಲೂ ಇಳಿಯುತ್ತಿತ್ತು. ಈಗ ನಮ್ಮ ಮನೆಯಲ್ಲಿ ಆ ಮಾತು ಬಿಟ್ಟಿದ್ದೇವೆ. ಲೈನ್ ಮನೆ ಅನ್ನುತ್ತೇವೆ, ಮನೆ ಅನ್ನುವುದನ್ನು ನುಂಗುವುದಿಲ್ಲ.

ಇದೇ ಪದದ ಇನ್ನೊಂದು ಕೊಂಬೆ ನೋಡಿ. ಅಪ್ಪ, ಅಜ್ಜ, ಮುತ್ತಜ್ಜ ಅಂತ ಒಂದೇ ಎಳೆಯಲ್ಲಿ ಹಿಂದಕ್ಕೆ ಹೋದರೆ ಇಂಗ್ಲಿಷಿನಲ್ಲಿ ಲಿನಿಯೇಜ್. ಅದೂ ಅಗಸೆ ದಾರವೇ. ಕೊಡವರಲ್ಲಿ ಅದಕ್ಕೆ ಒಕ್ಕ ಅನ್ನುತ್ತಾರೆ. ಒಕ್ಕದ ಮೂಲ ಮನೆ ಐನ್‌ಮನೆ. ಐನ್‌ಮನೆ, ಲೈನ್ ಮನೆ. ಬಾಯಲ್ಲಿ ಹೇಳಿ ನೋಡಿ, ನಡುವೆ ಒಂದು ಲಕಾರ ಮಾತ್ರ. ಒಂದರಲ್ಲಿ ನೆಲ್ಲಕ್ಕಿ ನಡುಬಾಡೆ ಅನ್ನುವ ನಡುಮನೆ, ಗುರುಕಾರೋಣರ, ಅಂದರೆ ಹಿರಿಯರ, ನೆನಪಿಗೆ ಹಚ್ಚಿದ ದೀಪ, ತಲೆಮಾರುಗಳ ಲೆಕ್ಕ. ಇನ್ನೊಂದರಲ್ಲಿ ಬಾಗಿಲಿನ ನಂಬರ್. ಹುಡುಗನಾಗಿದ್ದಾಗ ಇವೆರಡೂ ಒಂದೇ ಪದ, ಯಾರೋ ತಪ್ಪಾಗಿ ಹೇಳುತ್ತಿದ್ದಾರೆ ಅಂತ ನಾನು ನಂಬಿದ್ದೆ.

ಒಕ್ಕದ ಮಾತು ಬಂದಮೇಲೆ ಹಾಕಿ ಬಿಡುವುದಕ್ಕಾಗುತ್ತದಾ? 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಂದೊಂದು ಒಕ್ಕವೂ ಒಂದೊಂದು ಟೀಮ್. ಅಜ್ಜನೂ ಮೊಮ್ಮಗಳೂ ಒಂದೇ ಟೀಮಿನಲ್ಲಿ ಆಡಿದ್ದನ್ನು ನೀವೂ ನೋಡಿದ್ದೀರಿ. ಅಲ್ಲಿ ಇರುವುದು ಇಡೀ ವಂಶದ ಲೈನ್, ದಾಟಬೇಕಾದದ್ದು ಸುಣ್ಣದ ಲೈನ್. ಹಾಕಿಯಲ್ಲಿ ಚೆಂಡು ಗೆರೆ ಮುಟ್ಟಿದರೆ ಗೋಲ್ ಅಲ್ಲ, ಪೂರ್ತಿ ದಾಟಬೇಕು.

ದಾಟಬಾರದ ಲೈನುಗಳೂ ಇವೆ. ಡೆಡ್‌ಲೈನ್ ಅಂತ ಎಲ್ಲ ಆಫೀಸಿನಲ್ಲೂ ಹೇಳುತ್ತಾರೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಆಂಡರ್ಸನ್‌ವಿಲ್ ಅನ್ನುವಲ್ಲಿ ಒಂದು ಸೆರೆಮನೆ ಇತ್ತು. ಹೊರಗೋಡೆಯ ಒಳಗಡೆ ಸುತ್ತಲೂ ಒಂದು ಗಡಿ ಗುರುತು ಹಾಕಿದ್ದರು. ಅದನ್ನು ದಾಟಿದ ಕೈದಿಯನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. ಅದು ಡೆಡ್‌ಲೈನ್. ಪತ್ರಿಕೆಯವರ ಕೈಗೆ ಬಂದು ಅದು ಗಡುವು ಆಯಿತು. ಗಡುವು ಎಷ್ಟು ಮೆತ್ತಗಿನ ಪದ ನೋಡಿ. ನಾನಂತೂ ಅದನ್ನೇ ಬಳಸುತ್ತೇನೆ.

ಸೈನಿಕರ ನಾಡಿನಲ್ಲಿ ನಿಂತು ಎಲ್‌ಒಸಿ ಬಗ್ಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. 1949ರ ಜುಲೈನಲ್ಲಿ ಕಾಶ್ಮೀರದಲ್ಲಿ ಕದನವಿರಾಮದ ಗೆರೆ ಗೊತ್ತುಮಾಡಿದಾಗ ನಮ್ಮ ಸೇನೆಯ ಮುಖ್ಯಸ್ಥರು ಜನರಲ್ ಕಾರ್ಯಪ್ಪ. 1972ರ ಶಿಮ್ಲಾ ಒಪ್ಪಂದದ ಮೇಲೆ ಅದು ಲೈನ್ ಆಫ್ ಕಂಟ್ರೋಲ್ ಆಯಿತು. ನೆಲದ ಮೇಲೆ ಹೋಗಿ ನೋಡಿದರೆ ಬೆಟ್ಟ, ಹಿಮ, ಮುಳ್ಳುತಂತಿ. ಆ ಗೆರೆಯಲ್ಲಿ ಕಾವಲು ನಿಂತವರು ಈ ಸಭೆಯಲ್ಲೂ ಇದ್ದೀರಿ. ಲೈನ್ ಅನ್ನುವ ಪದದ ಭಾರ ನಿಮಗೆ ಗೊತ್ತಿರುವಷ್ಟು ಯಾವ ನಿಘಂಟಿಗೂ ಗೊತ್ತಿಲ್ಲ.

ಮತ್ತೆ ಕರೆಂಟಿನ ತಂತಿಗೆ ಬರುತ್ತೇನೆ. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಸ್ಟೇಷನ್ನಿಗೆ ಫೋನ್ ಮಾಡಿ ಒಂದು ಮಾತು ಕೇಳುತ್ತಾರೆ. ‘ಲೈನ್ ಕ್ಲಿಯರ್ ಕೊಡಿ.’ ಆ ತಂತಿಗೆ ಕರೆಂಟು ನಿಲ್ಲಿಸಿದ್ದೇವೆ, ನೀವು ಹೇಳುವ ತನಕ ಬಿಡುವುದಿಲ್ಲ ಅನ್ನುವ ಮಾತು ಅದು. ರೈಲಿನವರೂ ಇದೇ ಪದ ಬಳಸುತ್ತಾರೆ, ಮುಂದಿನ ಸ್ಟೇಷನ್ನು ಗಾಡಿಯನ್ನು ಬರಮಾಡಿಕೊಳ್ಳಲು ತಯಾರಿದೆ ಅಂತ. ಕೊಡಗಿಗೆ ರೈಲು ಬರಲಿಲ್ಲ, ಆ ಮಾತು ಬಂದಿದೆ. ಆ ಎರಡು ಪದದ ಮೇಲೆ ಒಬ್ಬ ಮನುಷ್ಯನ ಜೀವ ನಿಂತಿರುತ್ತದೆ. ಕತ್ತಲೆಯಲ್ಲಿ ಕೂತು ಕರೆಂಟು ಯಾಕೆ ಇನ್ನೂ ಬಂದಿಲ್ಲ ಅಂತ ಸಿಟ್ಟು ಬಂದಾಗಲೆಲ್ಲ ನಾನು ಅದನ್ನು ನೆನೆಸಿಕೊಳ್ಳುತ್ತೇನೆ.

ಅಪ್ಪನ ಹಗ್ಗ ಏನಾಯಿತು ಅಂತ ಹೇಳಿಬಿಡುತ್ತೇನೆ. ಅದು ಹಳೆಯದಾಗಿ, ಜಗ್ಗಿ ಜಗ್ಗಿ ಅಳತೆಗೆ ಬಾರದಂತಾಯಿತು. ಅಪ್ಪ ಅದನ್ನು ಆ ಹುಡುಗಿಯ ಅಮ್ಮನಿಗೆ ಕೊಟ್ಟರು. ಅವರು ಅದನ್ನು ಮೂರನೇ ಲೈನಿನ ಮುಂದೆ, ಕೊನೆಯ ಬಾಗಿಲ ಕಂಬದಿಂದ ಹಲಸಿನ ಮರಕ್ಕೆ ಬಿಗಿದು ಬಟ್ಟೆ ಒಣಹಾಕುತ್ತಿದ್ದರು. ಬಿಸಿಲಿನ ದಿನ ನಮ್ಮ ಜಗಲಿಯಿಂದ ನೋಡಿದರೆ ಎಂಟು ಮನೆಯ ಬಟ್ಟೆಯೂ ಅದರ ಮೇಲೆ. ಸೀರೆ, ಲಂಗ, ಶಾಲೆಯ ಯೂನಿಫಾರಂ. ನಡುನಡುವೆ, ಬಣ್ಣ ಮಾಸಿದ್ದರೂ, 10 ಅಡಿಗೊಂದು ಕೆಂಪು ಚೂರು.